ಕೈಗಡಿಯಾರದ ಕ್ಯಾಲೊರಿ: ಅಳತೆಯೋ ಅನುಮಾನವೋ?

ಶರೀರವು ಒಂದು ದಿನದಲ್ಲಿ ವ್ಯಯಿಸುವ ಶಕ್ತಿಯನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಶರೀರವಿಜ್ಞಾನದಲ್ಲಿ ಹಳೆಯದು. ಈಚೆಗೆ ಅದು ಜನಸಾಮಾನ್ಯರ ಪ್ರಶ್ನೆಯೂ ಆಗಿದೆ. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಫಿಟ್‌ನೆಸ್ ಬ್ಯಾಂಡ್ ಮತ್ತು ಸ್ಮಾರ್ಟ್‌ವಾಚುಗಳು ನಡೆದ ಹೆಜ್ಜೆಗಳನ್ನೂ ಹೃದಯದ ಬಡಿತವನ್ನೂ ತೋರಿಸುವುದರೊಡನೆ, ಇಂದು ಇಷ್ಟು ಕ್ಯಾಲೊರಿ ವ್ಯಯವಾಯಿತೆಂದು ಒಂದು ಅಂಕಿಯನ್ನೂ ತೋರಿಸುತ್ತವೆ. ತೂಕ ಇಳಿಸಬೇಕೆಂದಿರುವವರು ಆ ಅಂಕಿಯನ್ನು ನೋಡಿ ಅಂದಿನ ಊಟವನ್ನು ನಿರ್ಧರಿಸುವುದುಂಟು. ಏಕಾಶನ, ಉಪವಾಸಗಳ ದಿನ ಅದರಿಂದ ಶರೀರದ ಸ್ಥಿತಿಯನ್ನು ಊಹಿಸುವವರೂ ಉಂಟು. ಆದುದರಿಂದ ಆ ಅಂಕಿ ಎಲ್ಲಿಂದ ಬರುತ್ತದೆ, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ವಿಚಾರಿಸುವುದು ಉಚಿತವಾಗಿದೆ.

ಅಳತೆಯ ಮಾರ್ಗಗಳು

ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾಗುವ ಶಾಖವೇ ಆಹಾರಶಾಸ್ತ್ರದಲ್ಲಿ ಹೇಳುವ ಕಿಲೋಕ್ಯಾಲೊರಿ; ವಾಡಿಕೆಯಲ್ಲಿ ಇದನ್ನೇ ಕ್ಯಾಲೊರಿ ಎನ್ನುತ್ತಾರೆ. ಅದು ಶಾಖದ ಮಾನವಾದುದರಿಂದ ಶರೀರದಿಂದ ಹೊಮ್ಮುವ ಶಾಖವನ್ನು ಅಳೆಯುವುದೇ ಮೊದಲ ಮಾರ್ಗವಾಯಿತು. ೧೭೮೦ರ ದಶಕದಲ್ಲಿ ಫ್ರಾನ್ಸಿನ ಲವಾಸಿಯೆ ಮತ್ತು ಲಾಪ್ಲಾಸ್ ಎಂಬ ವಿಜ್ಞಾನಿಗಳು ಒಂದು ಗಿನಿಯಿಲಿಯನ್ನು ಸುತ್ತಲೂ ಮಂಜುಗಡ್ಡೆಯಿದ್ದ ಪಾತ್ರೆಯಲ್ಲಿರಿಸಿ, ಕರಗಿದ ನೀರನ್ನು ತೂಗಿ ಅದರ ಶಾಖವನ್ನು ಲೆಕ್ಕಹಾಕಿದರು. ೧೮೯೦ರ ದಶಕದಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಆಟ್‌ವಾಟರ್ ಮತ್ತು ಅವರ ಸಹೋದ್ಯೋಗಿಗಳು ಮನುಷ್ಯನೊಬ್ಬನು ಹಲವು ದಿನ ವಾಸಿಸಬಹುದಾದ ಮುಚ್ಚಿದ ಕೋಣೆಯನ್ನೇ ಈ ಕಾರ್ಯಕ್ಕೆ ನಿರ್ಮಿಸಿದರು.

ಇಂದು ಪ್ರಯೋಗಶಾಲೆಗಳಲ್ಲಿ ಮುಖಕ್ಕೆ ಮುಸುಕು ಕಟ್ಟಿ, ಶರೀರ ಬಳಸಿದ ಆಮ್ಲಜನಕವನ್ನೂ ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನೂ ಅಳೆಯುತ್ತಾರೆ. ಒಂದು ಲೀಟರ್ ಆಮ್ಲಜನಕದ ಬಳಕೆಗೆ ಸುಮಾರು ೫ ಕಿಲೋಕ್ಯಾಲೊರಿ ಶಕ್ತಿ ವ್ಯಯವಾಗುತ್ತದೆ ಎಂಬುದು ಇದರ ಆಧಾರ. ಉಳಿದ ಉಪಕರಣಗಳ ಸತ್ಯಾಸತ್ಯತೆಯನ್ನು ಪರೀಕ್ಷಿಸಲು ಈ ಅಳತೆಯನ್ನು ಒರೆಗಲ್ಲಾಗಿ ಇಟ್ಟುಕೊಳ್ಳುತ್ತಾರೆ.

ಕೈಗಡಿಯಾರದ ಕ್ರಮ

ಸ್ಮಾರ್ಟ್‌ವಾಚು ಶಾಖವನ್ನು ಅಳೆಯುವುದಿಲ್ಲ. ಆಮ್ಲಜನಕದ ಬಳಕೆಯನ್ನೂ ಅಳೆಯುವುದಿಲ್ಲ. ಅದಕ್ಕೆ ದೊರೆಯುವ ಮುಖ್ಯ ಸಾಮಗ್ರಿ ಮೂರು ಬಗೆಯದು. ಮೊದಲನೆಯದು, ಧರಿಸಿದವರು ತಾವೇ ತುಂಬಿಸಿದ ವಯಸ್ಸು, ಎತ್ತರ, ತೂಕ, ಲಿಂಗಗಳ ವಿವರ. ಎರಡನೆಯದು, ಕೈಯ ಚಲನೆಯನ್ನು ಗ್ರಹಿಸುವ ಸೂಕ್ಷ್ಮ ಯಂತ್ರಭಾಗ. ಮೂರನೆಯದು, ಚರ್ಮದ ಮೇಲೆ ಹಸುರು ಬೆಳಕನ್ನು ಹಾಯಿಸಿ, ರಕ್ತದ ಹರಿವಿಗೆ ಅನುಸಾರವಾಗಿ ಮರಳಿ ಬರುವ ಬೆಳಕಿನ ಏರಿಳಿತದಿಂದ ನಾಡಿಯನ್ನು ಎಣಿಸುವ ಏರ್ಪಾಡು. ಈ ಮೂರನ್ನು ಒಂದು ಸೂತ್ರಕ್ಕೆ ಅಳವಡಿಸಿದಾಗ ಕ್ಯಾಲೊರಿಯ ಅಂಕಿ ಹೊರಡುತ್ತದೆ.

ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ನಾಡಿಯ ಎಣಿಕೆ ವ್ಯವಹಾರದಲ್ಲಿ ಪ್ರತ್ಯಕ್ಷಕ್ಕೆ ಸಮೀಪವಾದುದು. ಕ್ಯಾಲೊರಿಯ ಅಂಕಿ ಕೇವಲ ಅನುಮಾನ. ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ತಿಳಿಯುವಂತೆ, ಇಲ್ಲಿ ನಾಡಿಯ ವೇಗವೆಂಬ ಹೇತುವಿನಿಂದ ಶಕ್ತಿವ್ಯಯವೆಂಬ ಸಾಧ್ಯವನ್ನು ಊಹಿಸಲಾಗುತ್ತದೆ. ಬೆಂಕಿಯಿಲ್ಲದೆ ಹೊಗೆಯಿಲ್ಲವೆಂಬ ನಿಯಮವಿರುವುದರಿಂದ ಹೊಗೆ ಸದ್ಧೇತು. ನಾಡಿಗೆ ಅಂತಹ ನಿಯಮವಿಲ್ಲ. ಭಯ, ಕೋಪ, ಜ್ವರ, ಬಿಸಿಲಿನ ಬೇಗೆ, ಕಾಫಿ ಇವುಗಳಿಂದಲೂ ನಾಡಿ ವೇಗಗೊಳ್ಳುತ್ತದೆ. ಅದಕ್ಕೆ ತಕ್ಕಷ್ಟು ಶಕ್ತಿ ವ್ಯಯವಾಗಿರುವುದಿಲ್ಲ. ಕೈಯ ಚಲನೆಯ ವಿಷಯವೂ ಹೀಗೆಯೇ. ಚಪಾತಿಯ ಹಿಟ್ಟು ನಾದುವಾಗ ಕೈ ಆಡುತ್ತದೆ, ದೇಹ ನಿಂತಲ್ಲೇ ಇರುತ್ತದೆ. ಸೈಕಲ್ ತುಳಿಯುವಾಗ ಕೈ ಸ್ಥಿರವಾಗಿರುತ್ತದೆ, ಕಾಲುಗಳು ದುಡಿಯುತ್ತವೆ. ಇಂತಹ ಹೇತುವನ್ನು ಅನೈಕಾಂತಿಕವೆಂದು ತರ್ಕಜ್ಞರು ಹೇಳುತ್ತಾರೆ. ಅದರಿಂದ ನಿಶ್ಚಿತ ಜ್ಞಾನ ಹುಟ್ಟದು.

ವಿಶ್ರಾಂತಿಯ ಸ್ಥಿತಿಯಲ್ಲಿಯೂ ಉಸಿರಾಟ, ರಕ್ತಸಂಚಾರ ಮೊದಲಾದ ಕಾರ್ಯಗಳಿಗೆ ಶಕ್ತಿ ವ್ಯಯವಾಗುತ್ತಿರುತ್ತದೆ. ಹೆಚ್ಚು ಓಡಾಟವಿಲ್ಲದವರಲ್ಲಿ ಇಡೀ ದಿನದ ವ್ಯಯದ ಅರ್ಧಕ್ಕಿಂತ ಹೆಚ್ಚು ಪಾಲು ಇದೇ. ಸ್ಮಾರ್ಟ್‌ವಾಚು ಇದನ್ನು ಸೂತ್ರದಿಂದಲೇ ಪಡೆಯುತ್ತದೆ. ಒಂದೇ ವಯಸ್ಸು, ಒಂದೇ ತೂಕದ ಇಬ್ಬರಲ್ಲಿ ಮಾಂಸಖಂಡಗಳು ಹೆಚ್ಚಿರುವವರ ವ್ಯಯ ಹೆಚ್ಚು. ಇದನ್ನು ಸೂತ್ರ ಅರಿಯದು. ಅಂತರರಾಷ್ಟ್ರೀಯ ಸೂತ್ರಗಳು ಭಾರತೀಯರಿಗೆ ಹೆಚ್ಚಿನ ಅಂಕಿಯನ್ನು ಕೊಡುತ್ತವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞಸಮಿತಿ ೨೦೧೦ರ ವರದಿಯಲ್ಲಿ ಅವುಗಳಿಂದ ಶೇಕಡಾ ೫ರಷ್ಟನ್ನು ಕಳೆದು ಗಣಿಸಿದುದು ಇಲ್ಲಿ ಗಮನಾರ್ಹ.

ಪರೀಕ್ಷೆಯ ಫಲ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ೨೦೧೭ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ೬೦ ಮಂದಿ ಸ್ತ್ರೀಪುರುಷರು ಭಾಗವಹಿಸಿದ್ದರು. ಮಣಿಕಟ್ಟಿನ ೭ ಉಪಕರಣಗಳನ್ನು ಅವರಿಗೆ ತೊಡಿಸಿ, ಕುಳಿತಾಗ, ನಡೆದಾಗ, ಓಡಿದಾಗ, ಸೈಕಲ್ ತುಳಿದಾಗ ಬಂದ ಅಂಕಿಗಳನ್ನು ಉಸಿರಿನ ಅನಿಲಗಳ ಅಳತೆಯೊಡನೆಯೂ ಇ.ಸಿ.ಜಿ.ಯೊಡನೆಯೂ ಹೋಲಿಸಲಾಯಿತು. ನಾಡಿಯ ವಿಷಯದಲ್ಲಿ ಉಪಕರಣಗಳು ಬಹುಮಟ್ಟಿಗೆ ಉತ್ತೀರ್ಣವಾದವು. ಸೈಕಲ್ ತುಳಿಯುವಾಗ ೬ ಉಪಕರಣಗಳ ದೋಷ ಶೇಕಡಾ ೫ಕ್ಕಿಂತ ಕಡಿಮೆಯಿತ್ತು. ಚರ್ಮದ ಬಣ್ಣ ಗಾಢವಾಗಿರುವವರಲ್ಲಿ ದೋಷ ಹೆಚ್ಚೆಂಬುದೂ ಕಂಡುಬಂದಿತು. ಶಕ್ತಿವ್ಯಯದ ವಿಷಯದಲ್ಲಾದರೋ ಒಂದು ಉಪಕರಣದ ದೋಷವೂ ಶೇಕಡಾ ೨೦ಕ್ಕಿಂತ ಕೆಳಗಿಳಿಯಲಿಲ್ಲ. ಅತ್ಯಂತ ಕಡಿಮೆ ದೋಷವೇ ಶೇಕಡಾ ೨೭. ಅತ್ಯಧಿಕ ದೋಷ ಶೇಕಡಾ ೯೩. ಆ ಉಪಕರಣಗಳ ತರುವಾಯ ಹೊಸವು ಬಂದಿವೆಯಾದರೂ ಊಹೆಯ ಕ್ರಮ ಮೂಲತಃ ಅದೇ ಆಗಿದೆ.

ಒಂದು ಲೆಕ್ಕ

ಈ ದೋಷದ ಪರಿಣಾಮವನ್ನು ಉದಾಹರಣೆಯಿಂದ ತಿಳಿಯಬಹುದು. ೬೦ ಕಿಲೋ ತೂಕದವರೊಬ್ಬರು ಒಂದು ಗಂಟೆ ಸಾಧಾರಣ ವೇಗದಲ್ಲಿ ನಡೆದರೆ ಸುಮಾರು ೨೧೦ ಕಿಲೋಕ್ಯಾಲೊರಿ ವ್ಯಯವಾಗುತ್ತದೆ. ಆ ಗಂಟೆ ಸುಮ್ಮನೆ ಕುಳಿತಿದ್ದರೂ ಸುಮಾರು ೬೦ ವ್ಯಯವಾಗುತ್ತಿತ್ತು. ಆದುದರಿಂದ ನಡಿಗೆಯ ನಿಜವಾದ ಹೆಚ್ಚುವರಿ ೧೫೦ ಮಾತ್ರ. ಉಪಕರಣ ಒಟ್ಟು ವ್ಯಯವನ್ನು ಶೇಕಡಾ ೨೭ರಷ್ಟು ಹೆಚ್ಚಾಗಿ ತೋರಿಸಿತೆಂದರೆ ಅಂಕಿ ೨೬೭ ಆಗುತ್ತದೆ. ಅಷ್ಟನ್ನೂ ಗಳಿಕೆಯೆಂದು ಎಣಿಸಿ ಅವರು ೨೬೭ ಕಿಲೋಕ್ಯಾಲೊರಿಯ ತಿಂಡಿಯನ್ನು ಹೆಚ್ಚಾಗಿ ಸೇವಿಸಿದರೆ, ದಿನಕ್ಕೆ ೧೧೭ ಉಳಿಯುತ್ತದೆ. ೩೦ ದಿನಕ್ಕೆ ೩,೫೧೦. ಒಂದು ಕಿಲೋ ಮೇದಸ್ಸು ಸುಮಾರು ೭,೭೦೦ ಕಿಲೋಕ್ಯಾಲೊರಿಗೆ ಸಮ. ಹೀಗೆ ತೂಕ ಇಳಿಸಲೆಂದು ನಡೆದವರು ತಿಂಗಳಿಗೆ ಅರ್ಧ ಕಿಲೋಗೆ ಸಮೀಪದ ಮೇದಸ್ಸನ್ನು ಲೆಕ್ಕದ ಪ್ರಕಾರ ಕೂಡಿಸಿಕೊಂಡಂತಾಗುತ್ತದೆ. ಅವರು ಸೋಮಾರಿಗಳಲ್ಲ, ಜಿಹ್ವಾಚಾಪಲ್ಯದವರೂ ಅಲ್ಲ. ಅಂಕಿಯನ್ನು ನಂಬಿದುದಷ್ಟೇ ಅವರ ಹಾನಿಗೆ ಕಾರಣ.

ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ೨೦೧೬ರಲ್ಲಿ ಪ್ರಕಟಿಸಿದ ಎರಡು ವರ್ಷಗಳ ಅಧ್ಯಯನವೂ ವಿಚಾರಾರ್ಹ. ೪೭೧ ಯುವಜನರಿಗೆ ಆಹಾರ, ವ್ಯಾಯಾಮಗಳ ಉಪದೇಶವಿತ್ತು, ಆರು ತಿಂಗಳ ಅನಂತರ ಒಂದು ಗುಂಪಿಗೆ ಮಾತ್ರ ತೋಳಿಗೆ ಧರಿಸುವ ಉಪಕರಣವನ್ನು ಕೊಡಲಾಯಿತು. ಕೊನೆಯಲ್ಲಿ ಉಪಕರಣವಿಲ್ಲದವರು ಸರಾಸರಿ ೫.೯ ಕಿಲೋ ಇಳಿದಿದ್ದರೆ, ಉಪಕರಣ ಧರಿಸಿದವರು ೩.೫ ಕಿಲೋ ಮಾತ್ರ ಇಳಿದಿದ್ದರು. ಆದರೆ ಉಪಕರಣಗಳು ನಿಷ್ಪ್ರಯೋಜಕವೆಂದು ಹೇಳುವುದು ಏಕಪಕ್ಷೀಯವಾದೀತು. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೨೨ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಧರಿಸಿದವರು ದಿನಕ್ಕೆ ಸುಮಾರು ೧,೮೦೦ ಹೆಜ್ಜೆ ಹೆಚ್ಚು ನಡೆದರೆಂದೂ ಸುಮಾರು ಒಂದು ಕಿಲೋ ಇಳಿದರೆಂದೂ ತಿಳಿದುಬಂದಿತು. ನಡೆಯುವಂತೆ ಪ್ರೇರಿಸುವುದರಲ್ಲಿ ಅವು ಉಪಕಾರಿ. ಊಟವನ್ನು ನಿರ್ಣಯಿಸುವುದರಲ್ಲಿ ಅಲ್ಲ.

ಉಪವಾಸದ ದಿನ

ಧರಿಸಿದವರು ಉಂಡಿದ್ದಾರೋ ಇಲ್ಲವೋ ಎಂಬುದು ಸ್ಮಾರ್ಟ್‌ವಾಚಿಗೆ ತಿಳಿಯದು. ೧೯೧೨ರಲ್ಲಿ ಬೋಸ್ಟನ್ ನಗರದ ಕಾರ್ನೆಗಿ ಪೋಷಣಶಾಸ್ತ್ರ ಪ್ರಯೋಗಶಾಲೆಯಲ್ಲಿ ಬೆನೆಡಿಕ್ಟ್ ಎಂಬ ವಿಜ್ಞಾನಿ, ೩೧ ದಿನ ನೀರನ್ನು ಮಾತ್ರ ಕುಡಿದು ಉಪವಾಸವಿದ್ದ ವ್ಯಕ್ತಿಯೊಬ್ಬನನ್ನು ಪರೀಕ್ಷಿಸಿದನು. ದಿನಗಳು ಕಳೆದಂತೆ ಆತನ ವಿಶ್ರಾಂತಿಯ ಶಕ್ತಿವ್ಯಯ ತಗ್ಗುತ್ತ ಹೋಯಿತು. ಆಹಾರ ದೊರೆಯದಿದ್ದಾಗ ಶರೀರವು ತಾನೇ ಮಿತವ್ಯಯಿಯಾಗುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸೂತ್ರ ಹಳೆಯ ಅಂಕಿಯನ್ನೇ ಕೊಡುತ್ತದೆ. ಆದುದರಿಂದ ದೀರ್ಘ ಉಪವಾಸದಲ್ಲಿ ಆ ಅಂಕಿಯನ್ನು ನೋಡಿ ಇನ್ನೂ ಶಕ್ತಿಯಿದೆಯೆಂದಾಗಲಿ, ಇಷ್ಟು ತೂಕ ಇಳಿಯಿತೆಂದಾಗಲಿ ನಿರ್ಣಯಿಸಬಾರದು. ಮಧುಮೇಹಕ್ಕೆ ಔಷಧ ಸೇವಿಸುವವರಲ್ಲಿ ಉಪವಾಸದಿಂದ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯುವ ಸಂಭವವಿದೆ; ಕ್ಯಾಲೊರಿಯ ಅಂಕಿಯಿಂದ ಅದು ತಿಳಿಯದು. ಅವರು ಮೊದಲೇ ವೈದ್ಯರನ್ನು ಕೇಳುವುದು ಅವಶ್ಯ.

ಸಾರಾಂಶ

೧. ನಾಡಿ ಮತ್ತು ಹೆಜ್ಜೆಗಳ ಎಣಿಕೆಯನ್ನು ಸಾಮಾನ್ಯವಾಗಿ ನಂಬಬಹುದು. ಕ್ಯಾಲೊರಿಯ ಅಂಕಿಯನ್ನು ಅಂದಾಜೆಂದು ಮಾತ್ರ ಗ್ರಹಿಸಬೇಕು.

೨. ಉಪಕರಣ ತೋರಿಸಿದಷ್ಟು ಕ್ಯಾಲೊರಿಯನ್ನು ಹೆಚ್ಚಾಗಿ ಉಣ್ಣಬಾರದು.

೩. ಬೇರೆಯವರ ಉಪಕರಣದ ಅಂಕಿಯೊಡನೆ ಹೋಲಿಸುವುದು ವ್ಯರ್ಥ. ಅದೇ ಉಪಕರಣದಲ್ಲಿ ತಮ್ಮದೇ ಈ ವಾರವನ್ನು ಹಿಂದಿನ ವಾರದೊಡನೆ ಹೋಲಿಸಿದರೆ ಚಟುವಟಿಕೆ ಹೆಚ್ಚಿತೋ ಕುಗ್ಗಿತೋ ತಿಳಿದೀತು.

೪. ತೂಕದ ಏರಿಳಿತಕ್ಕೆ ತಕ್ಕಡಿಯೇ ಪ್ರಮಾಣ. ವಾರಕ್ಕೊಮ್ಮೆ, ಬೆಳಗ್ಗೆ, ಆಹಾರಕ್ಕೆ ಮುನ್ನ ತೂಗಿ ಬರೆದಿಟ್ಟು, ಕೆಲವು ವಾರಗಳ ಗತಿಯನ್ನು ನೋಡಿ ಊಟವನ್ನು ಹೊಂದಿಸಿಕೊಳ್ಳುವುದು ಸರಿಯಾದ ಕ್ರಮ.

ಹೆಜ್ಜೆಯನ್ನು ಎಣಿಸುವ ಕೆಲಸವನ್ನು ಕೈಗಡಿಯಾರಕ್ಕೆ ಒಪ್ಪಿಸಬಹುದು. ಎಷ್ಟು ಉಣ್ಣಬೇಕು, ಎಂದು ನಿಲ್ಲಿಸಬೇಕು ಎಂಬ ನಿರ್ಣಯವು ಅದಕ್ಕೆ ಒಪ್ಪಿಸತಕ್ಕುದಲ್ಲ. ಅದು ವಿವೇಕದ ಕೆಲಸವಾಗಿಯೇ ಉಳಿಯಬೇಕು.