ನಡಿಗೆಯನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ

ಆಸ್ಪತ್ರೆಯಿಂದ ಬಂದವರ ಚೀಟಿ ಇಸಿದುಕೊಂಡು ನೋಡುವುದು ನನ್ನ ಹಳೆಯ ಅಭ್ಯಾಸ. ಸಕ್ಕರೆ ಕಾಯಿಲೆಗೆ ಒಂದು ಮಾತ್ರೆ, ಬಿಪಿಗೆ ಒಂದು. ಬೆಳಿಗ್ಗೆ ಎಷ್ಟು, ರಾತ್ರಿ ಎಷ್ಟು, ಊಟಕ್ಕೆ ಮೊದಲೋ ಆಮೇಲೋ ಎಲ್ಲ ಬರೆದಿರುತ್ತದೆ. ಇನ್ನೇನು ಹೇಳಿದರು ಎಂದು ಕೇಳಿದರೆ, 'ಸ್ವಲ್ಪ ವಾಕಿಂಗ್ ಮಾಡಿ ಅಂದ್ರು' ಎನ್ನುತ್ತೀರಿ. ಸ್ವಲ್ಪ ಅಂದರೆ ಎಷ್ಟು? ನೀವು ಕೇಳಲಿಲ್ಲ. ಮಾತ್ರೆಯನ್ನೇ 'ಸ್ವಲ್ಪ ತಗೊಳ್ಳಿ' ಅಂದಿದ್ದರೆ ಹಾಗೇ ಎದ್ದು ಬರುತ್ತಿದ್ದಿರಾ?

ಪಾವಗಡದ ನಮ್ಮ ನಿಡುಗಲ್ ಸೀಮೆಯಲ್ಲಿ ಹಿಂದೆ ನಡಿಗೆಯನ್ನು ಯಾರೂ ಬರೆಸಿಕೊಳ್ಳಬೇಕಿರಲಿಲ್ಲ. ಕಡ್ಲೆಕಾಯಿ ಹೊಲದ ಕಳೆ, ರಾಗಿ ಬೀಸುವುದು, ಬಾವಿಯಿಂದ ನೀರು ಸೇದುವುದು, ಹುಣಸೆಹಣ್ಣು ಕುಟ್ಟುವುದು, ದಿನವೆಲ್ಲ ಮೈಗೆ ಕೆಲಸ. ಈಗ ಪಾವಗಡದ ತಿರುಮಣಿ, ವಳ್ಳೂರಿನ ಕಡೆ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ನಿಂತಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರುವಾದ ಬಾಡಿಗೆ ಮನೆಗೆ ಬರುತ್ತಿದೆ. ಬರದ ನಾಡಿನ ರೈತನಿಗೆ ಅದು ಬೇಡವೆನ್ನಲು ನಾನು ಯಾರು? ಆದರೆ ಹೊಲ ಬಾಡಿಗೆಗೆ ಹೋದಾಗ ಮೈಯ ಕೆಲಸವೂ ಜೊತೆಗೇ ಹೋಯಿತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಹಿರಿಯರು ದುಡ್ಡಿಗೆ ಹೇಳಿದ್ದು ಮೈಗೂ ಸಲ್ಲುತ್ತದೆ. ಶಿರಾ, ಮಧುಗಿರಿಯವರು ನಗಬೇಡಿ. ತೋಟದ ಬದುವಿನವರೆಗೂ ಬೈಕು, ಒಂದು ಸ್ಟಾಪಿಗೂ ಬಸ್ಸು, ನಿಮ್ಮದೂ ಅದೇ ಕಥೆ.

ಕಾಲಾಡಿದಾಗ ಮಾಂಸಖಂಡಗಳು ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತವೆ. ದಿನವೂ ನಡೆದರೆ ಬಿಪಿ ತಗ್ಗುತ್ತದೆ, ನಿದ್ದೆಯೂ ಬರುತ್ತದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ಚೆನ್ನೈನ ವೈದ್ಯರು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಊಟ ತಿದ್ದಿಕೊಂಡು ದಿನವೂ ನಡೆದವರಲ್ಲಿ ಕಾಯಿಲೆ ಬರುವ ಸಂಭವ ಕಾಲು ಭಾಗಕ್ಕಿಂತ ಹೆಚ್ಚೇ ಇಳಿದಿತ್ತು. ಅವರೂ ನಮ್ಮ ಹಾಗೆ ಅನ್ನ ಸಾರು ಉಣ್ಣುವವರೇ.

ಹಾಗಾಗಿ ವೈದ್ಯರ ಮುಂದೆ ಕೂತಾಗ ಕೇಳಿ: ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು ನಿಮಿಷ, ಎಷ್ಟು ಬಿರುಸು, ಏನೇನು ಮಾಡಬಾರದು? ಸಾಮಾನ್ಯವಾಗಿ ಹೇಳುವ ಲೆಕ್ಕ ವಾರಕ್ಕೆ ಕನಿಷ್ಠ 150 ನಿಮಿಷ. ಅರ್ಧ ಗಂಟೆಯಂತೆ ಐದು ದಿನ ಅಂದುಕೊಳ್ಳಿ. ಸಕ್ಕರೆ ಕಾಯಿಲೆಯವರು ಸತತ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬಾರದು. ಬಿರುಸು ಎಷ್ಟಿರಬೇಕು ಅಂದರೆ, ಜೊತೆಯವರ ಹತ್ತಿರ ಮಾತಾಡಲು ಆಗಬೇಕು, ಸೋಬಾನೆ ಹಾಡಲು ಉಸಿರು ಸಾಲಬಾರದು. ಮೊದಲ ದಿನವೇ ಅರ್ಧ ಗಂಟೆ ಬೇಡ, ಹತ್ತು ನಿಮಿಷ ಸಾಕು. ಹನಿ ಹನಿ ಕೂಡಿದರೆ ಹಳ್ಳ.

'ಮನೆಗೆಲಸವೇ ಬೇಕಾದಷ್ಟಿದೆ' ಅಂತೀರಿ, ಗೊತ್ತು. ಉಸಿರು ಜೋರಾಗುವ ಕೆಲಸವಾದರೆ ಲೆಕ್ಕಕ್ಕೆ ಬರುತ್ತದೆ, ಒಲೆ ಮುಂದೆ ನಿಂತದ್ದು ಬರುವುದಿಲ್ಲ.

ನಡಿಗೆಯೊಂದೇ ಸಾಲದು. ವಾರಕ್ಕೆ ಎರಡು ದಿನ ಮೈಗೆ ಬಲ ಬರುವ ಕೆಲಸ ಬೇಕು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳಿ, ಕೂರಿ. ಗೋಡೆಗೆ ಎರಡೂ ಕೈ ಕೊಟ್ಟು ತಳ್ಳಿ. ಬಿಪಿ ಇರುವವರು ಮಾತ್ರ ಉಸಿರು ಬಿಗಿಹಿಡಿದು ಭಾರ ಎತ್ತಬಾರದು. ಅರವತ್ತೈದು ದಾಟಿದವರು ಗೋಡೆಯ ಪಕ್ಕ ಒಂದು ಹೆಜ್ಜೆಯ ಮುಂದೆ ಇನ್ನೊಂದು ಹೆಜ್ಜೆ ಇಟ್ಟು ನಡೆದು ಅಭ್ಯಾಸ ಮಾಡಿ, ಬೀಳುವ ಅಪಾಯ ತಗ್ಗುತ್ತದೆ.

ಇನ್ನು ಉತ್ಸಾಹಿಗಳಿಗೆ. ವರ್ಷವೆಲ್ಲ ಕೂತು ಒಂದು ಭಾನುವಾರ ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಲು ಹೊರಡಬೇಡಿ. ಹೃದಯದ ತೊಂದರೆ ಇರುವವರಂತೂ ವೈದ್ಯರನ್ನು ಕೇಳದೆ ಬೆಟ್ಟದ ಕಡೆ ಮುಖ ಮಾಡಬೇಡಿ. ಅತಿಯಾದರೆ ಅಮೃತವೂ ವಿಷ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ನಡಿಗೆ ಮುಗಿಯಲಿ. ಇನ್ಸುಲಿನ್ ತಗೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಜೇಬಿನಲ್ಲಿ ಒಂದು ಚೂರು ಬೆಲ್ಲ ಇರಲಿ. ಬೆವರು, ನಡುಕ, ತಲೆಸುತ್ತು ಬಂದರೆ ತಕ್ಷಣ ಬಾಯಿಗೆ ಹಾಕಿಕೊಂಡು ಕೂತುಬಿಡಿ. ಪಾದ ಜೋಮು ಹಿಡಿಯುವವರು ಹರಕೆಯೆಂದು ಸಿದ್ಧರಬೆಟ್ಟವನ್ನು ಬರಿಗಾಲಲ್ಲಿ ಹತ್ತಬೇಡಿ. ಕಾದ ಕಲ್ಲು ಸುಟ್ಟರೂ ನಿಮಗೆ ತಿಳಿಯುವುದಿಲ್ಲ, ಗಾಯ ಕೊಳೆತ ಮೇಲೆ ತಿಳಿಯುತ್ತದೆ. ರಾತ್ರಿ ಮಲಗುವ ಮುಂಚೆ ಪಾದ ತಿರುಗಿಸಿ ನೋಡಿ, ಕಣ್ಣು ಕಾಣದಿದ್ದರೆ ಮೊಮ್ಮಕ್ಕಳಿಗೆ ತೋರಿಸಿ. ಎದೆ ಹಿಡಿದರೆ, ಎಡಗೈಗೆ ನೋವು ಇಳಿದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಪಾವಗಡದವರಿಗೆ ಇನ್ನೊಂದು ಮಾತಿದೆ. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಬೆನ್ನು, ಮಂಡಿ ಬಿಗಿದವರು ನಮ್ಮಲ್ಲಿ ಬಹಳ. ಟೀವಿಯಲ್ಲಿ ತೋರಿಸಿದಂತೆ ಮೈ ಬಗ್ಗಿಸಬೇಡಿ. ಎಷ್ಟು ಬಗ್ಗಬಹುದು ಎಂದು ಮೊದಲು ವೈದ್ಯರನ್ನು ಕೇಳಿಕೊಳ್ಳಿ.

ಸಕ್ಕರೆ ಇಳಿಯಿತೆಂದು ನೀವೇ ಮಾತ್ರೆ ನಿಲ್ಲಿಸುವುದೂ ಬೇಡ. ನಡೆದ ದಿನ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಆ ಹಾಳೆಯನ್ನೂ ಮಡಿಚಿ ಇಟ್ಟುಕೊಳ್ಳಿ. ಗೀಟು ಕಡಿಮೆ ಇದ್ದರೂ ನಾಚಿ ಮುಚ್ಚಿಡಬೇಡಿ. ಮಾತ್ರೆ ಹೆಚ್ಚಿಸಬೇಕೋ ನಡಿಗೆ ಹೆಚ್ಚಿಸಬೇಕೋ ಎಂದು ವೈದ್ಯರಿಗೆ ತಿಳಿಯುವುದು ಅದನ್ನು ನೋಡಿದಾಗಲೇ.