ಊರ ಹೆಸರಿನಲ್ಲಿ ನೆಲ ಓದುವುದು: ಇಂಗ್ಲೆಂಡಿನಲ್ಲಿ ನಡೆದು ಕಲಿತದ್ದು

ನಕ್ಷೆ ಹಿಡಿದು ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ನಡೆಯುವುದು ನನ್ನ ಬಹುಕಾಲದ ಹವ್ಯಾಸ. ಊರಿಂದ ಬಂದ ನಂಟರು, ಗೆಳೆಯರು ಜೊತೆಗಿದ್ದರೆ ದಾರಿಯುದ್ದಕ್ಕೂ ಊರ ಹೆಸರುಗಳ ಅರ್ಥ ಕೇಳುತ್ತಾರೆ. ಇಲ್ಲಿನ ಹಳೆಯ ಹೆಸರುಗಳಲ್ಲಿ ಬಹಳಷ್ಟು ನೆಲದ ಆಕಾರ ಕಂಡು ಇಟ್ಟವು. ಅವನ್ನು ಓದಲು ಹೊರಡುವವರಿಗೆ ಇವು ನನ್ನ ಅನುಭವದ ಪಾಠಗಳು.

1. ಇಂದಿನ ಕಾಗುಣಿತವನ್ನು ನಂಬಬೇಡಿ.
ಚೆಲ್ಸಿ, ಬ್ಯಾಟರ್‌ಸಿ ಎರಡೂ ಲಂಡನ್ನಿನಲ್ಲಿ ಥೇಮ್ಸ್ ನದಿಯ ಎದುರುಬದುರು ದಂಡೆಯಲ್ಲಿವೆ. ಎರಡರ ಕೊನೆಯೂ ಇಂಗ್ಲಿಷಿನಲ್ಲಿ 'ಸೀ' (ಸಮುದ್ರ) ಎಂದೇ ಕಾಣುತ್ತದೆ, ಆದರೆ ಎರಡಕ್ಕೂ ಸಮುದ್ರದ ಸಂಬಂಧವಿಲ್ಲ. ಹಳೆಯ ದಾಖಲೆ ತೆಗೆದರೆ ಚೆಲ್ಸಿಯಲ್ಲಿರುವುದು ದೋಣಿ ನಿಲ್ಲುವ ಕಟ್ಟೆ, ಬ್ಯಾಟರ್‌ಸಿಯಲ್ಲಿರುವುದು ಜೌಗಿನ ನಡುವಿನ ಒಣದಿಬ್ಬ. ಕೇಂಬ್ರಿಡ್ಜ್ ಇನ್ನೂ ಸೊಗಸು. ಅದರ ಹಳೆಯ ಹೆಸರು ಗ್ರಾಂಟಾ ನದಿಯ ಸೇತುವೆ ಎಂದಿತ್ತು. ಬಾಯಿಂದ ಬಾಯಿಗೆ ಸವೆದು ಹೆಸರು ಕೇಂಬ್ರಿಡ್ಜ್ ಆದಮೇಲೆ, ಜನ ಆ ಊರಿನಿಂದಲೇ ನದಿಗೆ ಕ್ಯಾಮ್ ಎಂಬ ಹೆಸರು ಹುಟ್ಟಿಸಿದರು. ಹಾಗಾಗಿ 1086ರ ಭೂದಾಖಲೆಯಾದ ಡೂಮ್ಸ್‌ಡೇ ಪುಸ್ತಕದಲ್ಲೋ ಅದಕ್ಕೂ ಹಿಂದಿನ ದಾನಪತ್ರಗಳಲ್ಲೋ ಹೆಸರು ಹೇಗಿತ್ತು ಎಂದು ನೋಡದೆ ಅರ್ಥ ಹೇಳಲು ಹೋಗಬಾರದು.

2. ಕಣಿವೆಗೆ ಹಲವು ಹೆಸರು, ಒಂದೊಂದಕ್ಕೂ ಬೇರೆ ಆಕಾರ.
ಇದನ್ನು ನನಗೆ ಕಲಿಸಿದ್ದು ಊರ ಹೆಸರುಗಳ ವಿದ್ವಾಂಸೆ ಮಾರ್ಗರೆಟ್ ಗೆಲ್ಲಿಂಗ್ ಅವರ ಕೆಲಸ. ಹಳೆಯ ಇಂಗ್ಲಿಷರು ಗುಡ್ಡ, ಕಣಿವೆಗಳ ಪದಗಳನ್ನು ಮನಬಂದಂತೆ ಬಳಸಲಿಲ್ಲ, ಪ್ರತಿ ಪದಕ್ಕೂ ಖಚಿತವಾದ ಆಕಾರವಿತ್ತು ಎಂದು ಅವರು 1984ರ ಪುಸ್ತಕದಲ್ಲಿ ತೋರಿಸಿದರು. ಮುಂದೆ ಆ್ಯನ್ ಕೋಲ್ ಜೊತೆ ಸೇರಿ ಅದನ್ನು ಇನ್ನಷ್ಟು ಬೆಳೆಸಿದರು. ಇದನ್ನು ಪುಸ್ತಕದಲ್ಲಿ ಓದಿದರೆ ಸಾಲದು, ಹೋಗಿ ನಿಲ್ಲಬೇಕು. ಕಾಟ್ಸ್‌ವಲ್ಡ್ಸ್ ಸೀಮೆಯ ಕ್ಯಾಸಲ್ ಕೂಮ್‌ನಂಥ 'ಕೂಮ್' ಹೆಸರಿನಲ್ಲಿರುವುದು ಗಿಡ್ಡ, ಅಗಲ ಕಣಿವೆ: ಮೊರದ ಹಾಗೆ ಮೂರು ಕಡೆ ಏರಿದ ಅಂಚು, ಒಂದು ಕಡೆ ಬಾಯಿ. ಚಿಲ್ಟರ್ನ್ ಬೆಟ್ಟಸಾಲಿನ ಗ್ರೇಟ್ ಮಿಸೆಂಡನ್‌ಗೆ ಬಂದರೆ ನೋಟವೇ ಬೇರೆ. ಇದರ 'ಡನ್' ಉದ್ದಕ್ಕೆ ಬಳುಕಿಕೊಂಡು ಹೋಗುವ ಕಣಿವೆ. ಮಿಸ್‌ಬೋರ್ನ್ ಎಂಬ ಸಣ್ಣ ಹೊಳೆ ಅದರ ತಳದಲ್ಲಿ ಹರಿಯುತ್ತದೆ. ಲಂಡನ್ನಿನಿಂದ ಏಲ್ಸ್‌ಬರಿಗೆ ಹೋಗುವ ರೈಲೂ ಹೆದ್ದಾರಿಯೂ ಇದೇ ಕಣಿವೆ ಹಿಡಿದಿವೆ. ಮೇಲಿನ ಇಳಿಜಾರಿನಲ್ಲಿ ನಿಂತರೆ ಹೊಳೆ, ಹಳಿ, ರಸ್ತೆ ಮೂರೂ ಒಂದೇ ಕಡೆ ಸಾಗುವುದು ಕಾಣುತ್ತದೆ. ಇಲ್ಲಿ 'ಕೂಮ್' ಎಂದು ಹೆಸರಿಟ್ಟಿದ್ದರೆ ಆಗಿನ ದಾರಿಹೋಕ ದಿಕ್ಕು ತಪ್ಪುತ್ತಿದ್ದ. ನಕ್ಷೆಯಿಲ್ಲದ ಕಾಲದಲ್ಲಿ ಹೆಸರೇ ನಕ್ಷೆ.

ಆದರೆ ಮೊದಲ ಪಾಠ ಇಲ್ಲೂ ನೆನಪಿರಲಿ. ಸ್ವಿಂಡನ್ನಿನ ಕೊನೆಯ 'ಡನ್' ಕಣಿವೆಯಲ್ಲ, ಗುಡ್ಡ. ಅದು ಹಂದಿಗುಡ್ಡ, ಹಳೆಯ ಪೇಟೆ ಈಗಲೂ ಗುಡ್ಡದ ಮೇಲೇ ಇದೆ.

3. 'ಹ್ಯಾಮ್' ಕಂಡಲ್ಲೆಲ್ಲ ಮನೆ ಹುಡುಕಬೇಡಿ.
ಬರ್ಮಿಂಗ್‌ಹ್ಯಾಮ್‌ನಲ್ಲಿ ಅದು ಜನವಸತಿ. ಈವ್‌ಶಮ್‌ನಲ್ಲಿ ಅದು ನದಿಯ ಕೊಂಕಿನ ನೆಲ. ಏವನ್ ನದಿ ಆ ಪೇಟೆಯನ್ನು ಮೂರು ಕಡೆಯಿಂದ ಸುತ್ತಿರುವುದು ನಕ್ಷೆಯಲ್ಲಿ ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

4. ನೀರಿನ ವಿಷಯದಲ್ಲಿ ಹೆಸರನ್ನು ಗಂಭೀರವಾಗಿ ತೆಗೆದುಕೊಳ್ಳಿ.
ಸಾಮರ್‌ಸೆಟ್‌ನ ತಗ್ಗುಸೀಮೆಯ ಮಚಲ್ನಿ ಎಂಬ ಹಳ್ಳಿಯ ಹೆಸರಿಗೆ 'ದೊಡ್ಡ ದ್ವೀಪ' ಎಂದರ್ಥ. ಬೇಸಿಗೆಯಲ್ಲಿ ಹೋದವರಿಗೆ ಸುತ್ತ ಹುಲ್ಲುಗಾವಲಲ್ಲದೆ ಬೇರೇನೂ ಕಾಣದು. 2014ರ ಆರಂಭದ ನೆರೆಯಲ್ಲಿ ಊರಿಗೆ ಹೋಗುವ ರಸ್ತೆಗಳೆಲ್ಲ ಮುಳುಗಿ, ಜನ ದೋಣಿಯಲ್ಲಿ ಓಡಾಡಿದರು. ಸಾವಿರ ವರ್ಷ ಹಿಂದಿನ ಹೆಸರು ಆ ಚಳಿಗಾಲದಲ್ಲಿ ಅಕ್ಷರಶಃ ನಿಜವಾಯಿತು. ಟ್ರೆಂಟ್ ನದಿ ಬದಿಯ ಆಲ್ರವಾಸ್ ಹೆಸರಿನ ಕೊನೆಯಲ್ಲಿರುವುದು ನೀರು ಬೇಗ ಏರಿ ಬೇಗ ಇಳಿಯುವ ನೆಲದ ಪದ. ಮನೆ ಕಟ್ಟುವವರು ಇಂಥ ಹೆಸರುಗಳನ್ನು ಒಮ್ಮೆ ಕೇಳಿಸಿಕೊಳ್ಳಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

5. 'ಫೋರ್ಡ್' ಎಂದರೆ ನದಿಯನ್ನು ಕಾಲ್ನಡೆಯಲ್ಲಿ ದಾಟುವ ಕಡವು.
ಆಕ್ಸ್‌ಫರ್ಡ್ ಎತ್ತುಗಳು ದಾಟುವ ಕಡವು, ಬ್ರಾಡ್‌ಫರ್ಡ್ ಅಗಲದ್ದು, ಸ್ಟ್ಯಾಮ್‌ಫರ್ಡ್ ಕಲ್ಲಿನದು. ಸ್ಟ್ರ್ಯಾಟ್‌ಫರ್ಡ್ ಇದ್ದರೆ ಹತ್ತಿರದಲ್ಲಿ ರೋಮನ್ನರ ರಸ್ತೆ ಹುಡುಕಿ.

6. ಒಂದೇ ಹೆಸರಿನಲ್ಲಿ ಹಲವು ಭಾಷೆ ಇರಬಹುದು.
ವೂಸ್ಟರ್‌ಶೈರ್‌ನ ಬ್ರೀಡನ್ ಹಿಲ್‌ನಲ್ಲಿ 'ಬ್ರೆ' ಎಂದರೂ ಗುಡ್ಡ, 'ಡನ್' ಎಂದರೂ ಗುಡ್ಡ, 'ಹಿಲ್' ಎಂದರೂ ಗುಡ್ಡ. ಮೊದಲಿನದು ಬ್ರಿಟನ್ನಿನ ಮೂಲ ಜನರ ನುಡಿ, ಎರಡನೆಯದು ಹಳೆಯ ಇಂಗ್ಲಿಷ್. ಉತ್ತರಕ್ಕೆ ಹೋದಂತೆ ಹೊಳೆಗೆ 'ಬೆಕ್', ಬೆಟ್ಟಕ್ಕೆ 'ಫೆಲ್', ಕಾಡು ಕಡಿದ ಬಯಲಿಗೆ 'ಥ್ವೈಟ್' ಬರುತ್ತವೆ. ಅಲ್ಲೆಲ್ಲ ನಾರ್ಸ್ ಮಾತಾಡುವ ಜನ ನೆಲೆಸಿದ್ದರು.

7. ನೆಲವಿಲ್ಲದ ಹೆಸರನ್ನು ಬೇರೆಯಾಗಿ ಇಡಿ.
ಹೊಸ ಬಡಾವಣೆಗಳಿಗೆ ಅಂದಕ್ಕಾಗಿ ಇಟ್ಟ 'ಮೆಡೋಸ್', 'ವುಡ್ಸ್', 'ವ್ಯಾಲಿ'ಗಳು ಇಂಗ್ಲೆಂಡಿನಲ್ಲೂ ಇವೆ, ಬೆಂಗಳೂರಿನಲ್ಲೂ ಇವೆ. ಅವುಗಳಲ್ಲಿ ಹುಲ್ಲುಗಾವಲನ್ನೋ ಕಾಡನ್ನೋ ಹುಡುಕಿ ಫಲವಿಲ್ಲ. ಅದೇ ನಮ್ಮಲ್ಲಿ ಕೆರೆ, ಹೊಳೆ, ಕಟ್ಟೆ, ದಿಣ್ಣೆ ಎಂದು ಮುಗಿಯುವ ಹಳೆಯ ಹೆಸರುಗಳು ನೆಲ ನೋಡಿ ಇಟ್ಟವು.

1923ರಲ್ಲಿ ಹುಟ್ಟಿದ ಇಂಗ್ಲಿಷ್ ಪ್ಲೇಸ್ ನೇಮ್ ಸೊಸೈಟಿ ಕೌಂಟಿಯಿಂದ ಕೌಂಟಿಗೆ ಸಂಪುಟ ತರುತ್ತಾ, ಹೊಲಗಳ ಹೆಸರನ್ನೂ ಬಿಡದೆ ದಾಖಲಿಸುತ್ತಾ ಬಂದಿದೆ. ಇಂಥ ಕೆಲಸ ನೀವೂ ಮಾಡಬಹುದು: ನಿಮ್ಮ ಊರಿನ ಹೊಲ, ಹಳ್ಳ, ದಿಬ್ಬಗಳ ಹೆಸರು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರ ಜೊತೆ ಒಂದು ಸುತ್ತು ನಡೆಯಿರಿ. ಅವರು ಉಚ್ಚರಿಸಿದ ಹಾಗೆಯೇ ಹೆಸರು ಬರೆದುಕೊಳ್ಳಿ, ಪಕ್ಕದಲ್ಲಿ ಇಳಿಜಾರು ಯಾವ ಕಡೆಗಿದೆ, ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ ಎಂದೂ ಬರೆಯಿರಿ.