ಬಕುಳದ ಬಯಕೆ

ಕಾಳಿದಾಸನ ‘ಮೇಘದೂತ’ದ ಉತ್ತರಭಾಗದಲ್ಲಿ ಯಕ್ಷನು ತನ್ನ ಮನೆಯ ಉದ್ಯಾನವನ್ನು ವರ್ಣಿಸುತ್ತ ರಕ್ತಾಶೋಕವನ್ನೂ ಕೇಸರವನ್ನೂ ಜೊತೆಯಾಗಿ ಹೇಳುತ್ತಾನೆ. ಈ ಕೇಸರವನ್ನು ವಿದ್ಯಾರ್ಥಿಗಳು ಕುಂಕುಮಕೇಸರಿಯೆಂದು ಅರ್ಥೈಸುವುದುಂಟು. ಅದು ಸಲ್ಲದು. ಕುಂಕುಮಕೇಸರಿಯು ಗೆಡ್ಡೆಯಿಂದೇಳುವ ಗೇಣುದ್ದದ ಗಿಡ, ಇಲ್ಲಿಯದು ಮರ. ಅಮರಕೋಶವು ಕೇಸರ, ಬಕುಳಗಳನ್ನು ಪರ್ಯಾಯಪದಗಳಾಗಿ ಪಠಿಸಿದೆ. ಇದನ್ನೇ ನಮ್ಮ ಜನ ಪಗಡೆ ಮರವೆಂದೂ ರೆಂಜೆಯೆಂದೂ ಕರೆಯುತ್ತಾರೆ.

ಅಶೋಕವು ತರುಣಿಯ ಪಾದಾಘಾತದಿಂದಲೂ ಬಕುಳವು ಆಕೆಯ ಮುಖಮದಿರೆಯ ಸೇಚನದಿಂದಲೂ ಹೂಬಿಡುತ್ತವೆಂಬುದು ಕವಿಸಮಯ. ಇದಕ್ಕೆ ದೋಹದವೆಂದು ಹೆಸರು. ಬಸುರಿಯ ಬಯಕೆಯೆಂಬುದೇ ಆ ಪದದ ಅರ್ಥ. ಮರಕ್ಕೂ ಬಯಕೆಯುಂಟೆಂದು ಬಗೆದ ಕವಿಹೃದಯ ದೊಡ್ಡದು. ನಮ್ಮ ಶಾಲೆಗಳ ಅಂಗಳದಲ್ಲಾದರೋ ಸಸಿಯ ನಿಜವಾದ ಬಯಕೆಯನ್ನು ವಿಚಾರಿಸುವವರು ವಿರಳ. ಸಮಾರಂಭದಲ್ಲಿ ಗಣ್ಯರ ಅಮೃತಹಸ್ತದಿಂದ ನೆಟ್ಟ ಸಸಿ ಶಿವರಾತ್ರಿಯ ಹೊತ್ತಿಗೆ ಒಣಕಡ್ಡಿ; ಪಕ್ಕದ ಹೆಸರಿನ ಫಲಕ ಮಾತ್ರ ಚಿರಂಜೀವಿ!

ಬೇಗ ಬೆಳೆಯಲೆಂದು ಗುಲ್‌ಮೊಹರ್ ನೆಡುವ ರೂಢಿ ಹಬ್ಬಿದೆ. ಮಡಗಾಸ್ಕರ್ ದ್ವೀಪ ಮೂಲದ ಆ ಮರ ಹೂವಿನಲ್ಲಿ ರಮ್ಯವೇ ಸರಿ. ಆದರೆ ಒಣಹವೆಯಲ್ಲಿ ಎಲೆಯುದುರಿಸುತ್ತದೆ, ಬಿರುಗಾಳಿಗೆ ಕೊಂಬೆ ಮುರಿಯುತ್ತದೆ. ಸಪೋಟ, ಇಪ್ಪೆಗಳ ಕುಲಕ್ಕೆ ಸೇರಿದ ಬಕುಳವು ನಿತ್ಯಹರಿದ್ವರ್ಣದ್ದು. ಮಕ್ಕಳಿಗೆ ನೆರಳು ಬೇಕಾದ ಬೇಸಿಗೆಯಲ್ಲಿಯೂ ದಟ್ಟವಾಗಿಯೇ ನಿಲ್ಲುತ್ತದೆ. ಬೆಳವಣಿಗೆ ಮಂದ. ಹೂ ಕಾಣಲು ಹಲವು ವರ್ಷ ಕಾಯಬೇಕು.

ಕಿತ್ತಳೆವರ್ಣಕ್ಕೆ ತಿರುಗಿದ ಹಣ್ಣಿನ ಬೀಜವನ್ನು ತಿರುಳು ಕಳೆದು ತೊಳೆದು, ಒಂದು ದಿನ ನೀರಿನಲ್ಲಿ ನೆನೆಸಿ, ತಡಮಾಡದೆ ಬಿತ್ತಬೇಕು. ಸಸಿ ಮೊಣಕಾಲೆತ್ತರವಾದ ಮೇಲೆ ಮುಂಗಾರಿನ ಆರಂಭದಲ್ಲಿ, ಎರಡಡಿ ಆಳ-ಅಗಲದ ಗುಂಡಿಗೆ ಕೊಟ್ಟಿಗೆಗೊಬ್ಬರ ಬೆರೆಸಿದ ಮಣ್ಣು ತುಂಬಿ ನೆಡತಕ್ಕದ್ದು. ಕಟ್ಟಡದಿಂದ ಇಪ್ಪತ್ತಡಿಯಾದರೂ ದೂರವಿರಲಿ. ದನಕರು, ಆಡುಗಳಿಂದ ಕಾಪಾಡಲು ಮುಳ್ಳುಬೇಲಿ ಬೇಕು. ಮೊದಲ ಮೂರು ಬೇಸಿಗೆಗಳಲ್ಲಿ ತಪ್ಪದೆ ನೀರೆರೆಯಬೇಕು. ರಜೆಯಲ್ಲಿ ಶಾಲೆ ಮುಚ್ಚಿರುವುದೂ ಆಗಲೇ ಎಂಬುದನ್ನು ಮರೆಯಬಾರದು. ದಾನಿಗಳು ಫಲಕದ ವೆಚ್ಚವನ್ನು ಈ ಮೂರು ಬೇಸಿಗೆ ನೀರೆರೆಯುವವನ ಕೂಲಿಗೆ ವಿನಿಯೋಗಿಸಿದರೆ, ದಾಸೋಹದ ನಾಡಿನಲ್ಲಿ ಅದೂ ಒಂದು ದಾಸೋಹವೇ.

ಬಕುಳದ ಹೂವನ್ನು ಕೊಂಬೆಯಿಂದ ಕೀಳಬೇಕಾಗಿಲ್ಲ. ತಾನಾಗಿ ನೆಲಕ್ಕುದುರುವ ಆ ನಕ್ಷತ್ರಾಕಾರದ ಕುಸುಮಕ್ಕೆ ನಡುವೆಯೇ ರಂಧ್ರವಿರುವುದರಿಂದ, ಮಕ್ಕಳು ಸೂಜಿಯಿಲ್ಲದೆ ಬಾಳೆನಾರಿಗೆ ಪೋಣಿಸುತ್ತಾರೆ. ಒಣಗಿ ಕಂದುಬಣ್ಣವಾದ ಮಾಲೆಯಲ್ಲಿಯೂ ಪರಿಮಳ ಬಹುದಿನ ಉಳಿಯುತ್ತದೆ.